ಬಂಡೆಯ ಗುಣ, ಬಾವಿಯ ಗಳಿಕೆ

ಡೀಸೆಲ್, ಫರ್ನೇಸ್ ಆಯಿಲ್ ಹಾಗೂ ಪ್ಲಾಸ್ಟಿಕ್ ಹರಳುಗಳ ದರವು ವರ್ತಕರ ಮತ್ತು ಸಣ್ಣ ಉದ್ಯಮಿಗಳ ಲೆಕ್ಕಪುಸ್ತಕವನ್ನು ನೇರವಾಗಿ ತಟ್ಟುವುದು ಸರ್ವವಿದಿತ. ಆ ದರದ ಹಿಂದೆ ರಾಜಕೀಯ ಹಾಗೂ ವಿನಿಮಯ ದರಗಳಲ್ಲದೆ ನೆಲದಾಳದ ಬಂಡೆಯ ಗುಣವೂ ಅಡಗಿದೆ. ಅಮೆರಿಕದ ಟೆಕ್ಸಾಸ್ ಮತ್ತು ನ್ಯೂ ಮೆಕ್ಸಿಕೋ ರಾಜ್ಯಗಳಲ್ಲಿ ಹರಡಿರುವ ಪರ್ಮಿಯನ್ ದ್ರೋಣಿಯು ಇದಕ್ಕೆ ಉತ್ತಮ ನಿದರ್ಶನ. 2024ರಲ್ಲಿ ಆ ದೇಶದ ಕಚ್ಚಾತೈಲದ ಹೆಚ್ಚುಕಡಿಮೆ ಅರ್ಧಭಾಗ ದೊರೆತದ್ದು ಇಲ್ಲಿಂದಲೇ.

ಸುಮಾರು 27 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ನಡುವೆ ಆಳವಾದ ದ್ರೋಣಿಗಳು. ಅವುಗಳ ಅಂಚಿನಲ್ಲಿ ಮನೆಯ ಜಗಲಿಯಂತೆ ಆಳವಿಲ್ಲದ ಸಾಗರತಳ. ಜಗಲಿಯ ಮೇಲೆ ಸುಣ್ಣಕಲ್ಲು ಬೆಳೆಯಿತು. ಅದರ ಬಹುಭಾಗ ಕಾಲಕ್ರಮೇಣ ಡಾಲೊಮೈಟ್ ಆಗಿ ಮಾರ್ಪಟ್ಟಿತು. ದ್ರೋಣಿಯ ತಳದಲ್ಲಾದರೋ ಕಪ್ಪು ಜೇಡಿಪದರ ಮತ್ತು ನಯವಾದ ಮರಳು ನೆಲೆಗೊಂಡವು.

ಬಂಡೆಯೊಳಗೆ ತೈಲವಿದ್ದ ಮಾತ್ರಕ್ಕೆ ಅದು ಕೈಸೇರುವುದಿಲ್ಲ. ಗೋದಾಮಿನಲ್ಲಿ ಸರಕು ತುಂಬಿದ್ದು ಬಾಗಿಲು ಗೇಣಗಲವಿದ್ದರೆ ವಿಲೇವಾರಿ ಹೇಗೆ? ಬಂಡೆಯ ರಂಧ್ರಗಳು ಗೋದಾಮಾದರೆ, ಅವುಗಳನ್ನು ಬೆಸೆಯುವ ದಾರಿಗಳೇ ಬಾಗಿಲು.

ಜಗಲಿಯ ಅಂಚಿನಲ್ಲಿ ಈ ಬಾಗಿಲು ಕೆಲವೆಡೆ ಮಹಾದ್ವಾರವೇ ಆಗಿದೆ. 1926ರಲ್ಲಿ ಪತ್ತೆಯಾದ ಯೇಟ್ಸ್ ತೈಲಕ್ಷೇತ್ರದಲ್ಲಿ, ಹಿಂದೊಮ್ಮೆ ಸಮುದ್ರ ಇಳಿದಾಗ ಮಳೆನೀರು ಬಂಡೆಯನ್ನು ಕರಗಿಸಿ ಗುಹೆಗಳನ್ನೇ ಕೊರೆದಿತ್ತು. ಸಾವಿರ ಅಡಿಯ ಆಸುಪಾಸಿನಲ್ಲೇ ತೈಲ ಸಿಕ್ಕಿತು. 1929ರಲ್ಲಿ ಅಲ್ಲಿನ ಒಂದೇ ಬಾವಿಯು ದಿನಕ್ಕೆ 2 ಲಕ್ಷ ಬ್ಯಾರೆಲಿಗೂ ಮಿಕ್ಕಿದ ವೇಗದಲ್ಲಿ ಹರಿಯಿತು. ಬ್ಯಾರೆಲೊಂದಕ್ಕೆ 159 ಲೀಟರಿನಂತೆ ಓದುಗರೇ ಗುಣಿಸಿ ನೋಡಬಹುದು!

ಆದರೆ ಜಗಲಿಯ ಬಂಡೆಯೆಲ್ಲವೂ ಇಷ್ಟು ಉದಾರವಲ್ಲ. 1936ರಲ್ಲಿ ಪತ್ತೆಯಾದ ವ್ಯಾಸನ್ ಕ್ಷೇತ್ರದಲ್ಲಿ ಬಂಡೆ ಅದೇ ಡಾಲೊಮೈಟ್. ಆದರೆ ಉಪ್ಪುನೀರು ಆವಿಯಾಗಿ ಉಳಿದ ಅನ್‌ಹೈಡ್ರೈಟ್ ಅನೇಕ ರಂಧ್ರಗಳನ್ನು ಮುಚ್ಚಿದೆ. ಮೇಲ್ಭಾಗದಲ್ಲಿ ಮುಚ್ಚಳವಾಗಿ ತೈಲವನ್ನು ಹಿಡಿದಿಟ್ಟಿರುವುದೂ ಇದೇ ವಸ್ತು. ಉಪಕಾರ, ಅಪಕಾರ ಎರಡೂ ಒಂದರಿಂದಲೇ. ಮೊದಲು ನೀರನ್ನು, 1980ರ ದಶಕದಿಂದ ಇಂಗಾಲದ ಡೈಆಕ್ಸೈಡನ್ನು ಒಳನೂಕಿ ಅಲ್ಲಿ ತೈಲವನ್ನು ಹೊರಡಿಸಲಾಗುತ್ತಿದೆ. ಆ ಅನಿಲ ಕೊಲೊರಾಡೊ ರಾಜ್ಯದಿಂದ ನೂರಾರು ಮೈಲಿ ಕೊಳವೆಯಲ್ಲಿ ಬರಬೇಕು, ವೆಚ್ಚ ಸಣ್ಣದಲ್ಲ. ಆದರೂ ಇಂತಹ ಬಾವಿಗಳು ದಶಕಗಟ್ಟಲೆ ನಿಧಾನವಾಗಿ ನೀಡುತ್ತಲೇ ಇರುತ್ತವೆ.

ಅಂಚು ದಾಟಿ ದ್ರೋಣಿಗಿಳಿದರೆ ಸ್ಪ್ರಾಬೆರಿ. 1940ರ ದಶಕದಲ್ಲಿ ಪತ್ತೆಯಾದ ಈ ಕ್ಷೇತ್ರದಲ್ಲಿ ತೈಲ ಅಪಾರ. ಬಾಗಿಲು ಮಾತ್ರ ಸೂಜಿಗಣ್ಣು. ಲಾಭವಿಲ್ಲದ ಕ್ಷೇತ್ರಗಳಲ್ಲಿ ಜಗತ್ತಿನಲ್ಲೇ ದೊಡ್ಡದೆಂದು ಉದ್ಯಮದವರು ಇದನ್ನು ಗೇಲಿ ಮಾಡುತ್ತಿದ್ದರು. 2010ರ ದಶಕದಲ್ಲಿ ಅಡ್ಡಡ್ಡ ಕೊರೆದು, ನೀರಿನ ಒತ್ತಡದಿಂದ ಬಂಡೆಯನ್ನು ಸೀಳುವ ವಿಧಾನ ವ್ಯಾಪಕವಾದ ಮೇಲೆ ಚಿತ್ರ ಬದಲಾಯಿತು. ಆದರೆ ಇಂತಹ ಬಾವಿಯ ಇಳುವರಿ ಮೊದಲ ವರ್ಷದಲ್ಲೇ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಕುಸಿಯುತ್ತದೆ. ಪೂರೈಕೆ ಇಳಿಯಬೇಕಾದರೆ ಹೊಸ ಬಾವಿ ಕೊರೆಯುವುದನ್ನು ನಿಲ್ಲಿಸಿದರೆ ಸಾಕು. ಬೆಲೆ ಕುಸಿದಾಗ ಕಂಪನಿಗಳು ಮಾಡುವುದೂ ಅದನ್ನೇ. 2020ರಲ್ಲಿ ಹೀಗೆಯೇ ಆಯಿತು. ಕೊರೆಯುವ ಯಂತ್ರಗಳು ಕೆಲವೇ ತಿಂಗಳಲ್ಲಿ ಸ್ತಬ್ಧವಾದವು.