ದುರ್ಗಕ್ಕೊಂದು ಸ್ವಂತ ಹಕ್ಕಿ?

ಪ್ರಶ್ನೆ: ನಾರ್ಕೊಂಡಂ ದ್ವೀಪಕ್ಕೆ ಅದರದೇ ಹಕ್ಕಿಯಿದೆಯಂತೆ. ಬಯಲಲ್ಲಿ ಒಂಟಿಯಾಗಿ ನಿಂತ ಹುಲಿಯೂರುದುರ್ಗಕ್ಕೆ ಯಾಕಿಲ್ಲ?

ಉತ್ತರ: ಅಂಡಮಾನಿನ ನಾರ್ಕೊಂಡಂ ಕಡಲಿಂದೆದ್ದ ಜ್ವಾಲಾಮುಖಿ, ಹರವು ಸುಮಾರು 7 ಚದರ ಕಿ.ಮೀ. ಅಲ್ಲಿನ ಮಂಗಟ್ಟೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಹಾರಿಬಂದ ಹಕ್ಕಿಗಳು ತವರಿನವರೊಡನೆ ಬೆರೆಯದೆ ಸಾವಿರಾರು ತಲೆಮಾರು ಉಳಿದರಷ್ಟೇ ಹೊಸ ಜಾತಿ ಮೂಡುವುದು. ದುರ್ಗವೋ ಗ್ರಾನೈಟಿನ ಗುಡ್ಡ. ಸುತ್ತಲಿರುವುದು ರಾಗಿ ಹೊಲ, ತೆಂಗಿನ ತೋಟ. ರೆಕ್ಕೆಯಿದ್ದವಕ್ಕೆ ಅದೇನು ಕಡಲೇ?

ಹಾಗಂತ ಬಂಡೆಬೆಟ್ಟಗಳ ಕೈ ಬರಿದಲ್ಲ. ಹಳದಿ ಕೊರಳಿನ ಪಿಕಳಾರವನ್ನೇ ನೋಡಿ: ಬೂದು ಮೈ, ಅರಿಶಿನ ಬಳಿದಂಥ ತಲೆ ಮತ್ತು ಕೊರಳು, ಮಾಸಲು ಹಳದಿಯ ಬಾಲದ ತುದಿ. ದಕ್ಷಿಣ ಭಾರತದಾಚೆ ಇದು ಸಿಗದು. ದೇವರಾಯನದುರ್ಗ, ನಂದಿಬೆಟ್ಟ, ರಾಮನಗರದ ಬಂಡೆಗಳಲ್ಲುಂಟು. ಬಯಲು ಕಡಲಲ್ಲವೆಂದ ಮೇಲೆ ಇದೇಕೆ ಎಲ್ಲೆಡೆ ಹರಡಿಲ್ಲ ಎನ್ನಬಹುದು. ದಾಟುವುದು ಬೇರೆ, ಬಾಳುವುದು ಬೇರೆ. ಅದಕ್ಕೆ ಬೇಕಾದದ್ದು ಬಂಡೆಗಳ ಸಂದಿನ ಕುರುಚಲು, ಅಲ್ಲಿನ ಹಣ್ಣು, ಹುಳು. ಹೊಲದಲ್ಲಿ ಆ ಪೊದೆಯಿಲ್ಲ. ಆದ್ದರಿಂದ ಇಲ್ಲಿ ದ್ವೀಪವೆಂದರೆ ಒಂದು ಬೆಟ್ಟವಲ್ಲ, ಇಡೀ ಬೆಟ್ಟಸಾಲು. ಕಲ್ಲುಕ್ವಾರಿಯೊಂದು ಗುಡ್ಡ ಕರಗಿಸಿದರೆ ಆ ದ್ವೀಪದ ಒಂದು ಭಾಗ ಮುಳುಗಿದಂತೆಯೇ.