ಮೇಲುಕೋಟೆಯ ಹಾದಿಯ ಮೂಲಿಕೆಗಳು

1799ರಲ್ಲಿ ಶ್ರೀರಂಗಪಟ್ಟಣ ಆಂಗ್ಲರ ವಶವಾದ ಮರುವರ್ಷವೇ, ಈ ಸೀಮೆಯ ನೆಲ, ಬೆಳೆ, ಕಸುಬು, ಗಿಡಮರಗಳನ್ನೆಲ್ಲ ಕಣ್ಣಾರೆ ಕಂಡು ಬರೆದುಕೊಂಡು ಬರಬೇಕೆಂಬ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯನ್ನು ಹೊತ್ತು ಮದರಾಸಿನಿಂದ ಹೊರಟ ವೈದ್ಯ ಫ್ರಾನ್ಸಿಸ್ ಬುಕಾನನ್, ನಾಗಮಂಗಲದ ಮಣ್ಣಿನ ಕೋಟೆಯನ್ನೂ ಮೇಲುಕೋಟೆಯ ಬೆಟ್ಟವನ್ನೂ ತೊಣ್ಣೂರಿನ ಕೆರೆಯನ್ನೂ ಕಂಡು ಹೋದನು. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆತನ ಪ್ರವಾಸಕಥನದಲ್ಲಿ ನಮ್ಮ ಮರಗಳು ತಮ್ಮ ಕನ್ನಡದ ಹೆಸರುಗಳೊಡನೆಯೇ ನಿಂತಿರುವುದನ್ನು ಕಂಡಾಗ ಮನಸ್ಸಿಗಾಗುವ ಹರ್ಷ ಅಲ್ಪವಲ್ಲ.

ಅದೇ ಕಾಲದಲ್ಲಿ ಕಂಪನಿಯ ಭೂಮಾಪಕ ಮೆಕೆಂಜಿಯ ಮೈಸೂರು ಸರ್ವೇಕ್ಷಣಕ್ಕೆ ಸಸ್ಯಜ್ಞನಾಗಿ ಬಂದ ಬೆಂಜಮಿನ್ ಹೈನೆಗೆ ಬೆಂಗಳೂರಿನ ಲಾಲ್‌ಬಾಗ್ ಒಪ್ಪಿಸಲ್ಪಟ್ಟಿತು. ಹೈನೆ ಒಣಗಿಸಿ ಕಳುಹಿಸಿದ ಮಾದರಿಗಳ ಆಧಾರದ ಮೇಲೆ ಜರ್ಮನಿಯ ವೈದ್ಯ ರೋಟ್ 1821ರಲ್ಲಿ ಹಿಂದೂಸ್ಥಾನದ ನೂತನ ಸಸ್ಯಗಳ ಗ್ರಂಥವನ್ನೇ ಪ್ರಕಟಿಸಿದನು. ಈ ದೇಶದ ಔಷಧಿಗಳನ್ನು ಕುರಿತ ವೈದ್ಯ ಐನ್‌ಸ್ಲೀಯ ಗ್ರಂಥ 1826ರಲ್ಲಿ ಹೊರಬಂದಿತು.

ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೃಷ್ಣರಾಜಪೇಟೆ ಎಂಬ ಈ ನಾಲ್ಕು ತಾಲ್ಲೂಕುಗಳಲ್ಲಿ ಮಲೆನಾಡಿನ ಮಳೆಕಾಡಿಲ್ಲ. ಇಲ್ಲಿರುವುದು ಬಂಡೆಗಳ ನಡುವಣ ಕುರುಚಲು ಕಾಡು. ಪಾಂಡವಪುರದ ಮೇಲುಕೋಟೆ, ಕೃಷ್ಣರಾಜಪೇಟೆಯ ನಾರಾಯಣದುರ್ಗಗಳ ಆ ಕಾಡನ್ನು 1974ರಲ್ಲಿ ತೋಳಗಳಿಗಾಗಿ ಅಭಯಾರಣ್ಯವೆಂದು ಘೋಷಿಸಿದರು. ಮೂಲಿಕೆಗಳೂ ಆ ನೆರಳಿನಲ್ಲಿಯೇ ಉಳಿದಿವೆ. ಹಿಂದೆ ಇಲ್ಲಿಯವರಿಗೆ ಆ ಮೂಲಿಕೆಗಳೇ ಆಸರೆ. ಚಳಿಜ್ವರದ ಕಾಟ ತಾಳಲಾರದೆ 1809ರಲ್ಲಿ ಆಂಗ್ಲರ ದಂಡು ಶ್ರೀರಂಗಪಟ್ಟಣವನ್ನು ಬಿಟ್ಟು ಬೆಂಗಳೂರು ಸೇರಿತು. ದಂಡು ಹೋದರೂ ಜ್ವರ ಹೋಗಲಿಲ್ಲ, ಊರಿನವರೂ ಹೋಗಲಿಲ್ಲ. ಅವರಿಗೆ ಬೇವಿನ ತೊಗಟೆಯ ಕಷಾಯ, ನೆಲಬೇವು, ಲಕ್ಕಿಸೊಪ್ಪಿನ ಹಬೆ, ಅಮೃತಬಳ್ಳಿಗಳೇ ಗತಿ.

ಅಮೃತಬಳ್ಳಿಯ ಹೆಬ್ಬೆರಳು ದಪ್ಪದ ಒಂದು ತುಂಡನ್ನು ಕೈಗೆತ್ತಿಕೊಂಡು ನೋಡಬೇಕು. ಕಾಗದದಂತಹ ತೆಳುವಾದ ಸಿಪ್ಪೆ ಉಗುರು ತಾಗಿದರೆ ಎದ್ದುಬರುತ್ತದೆ; ಕೆಳಗೆ ಹಸಿರು ಮೈ, ನಾಲಗೆಯ ಮೇಲೆ ಬಹಳ ಹೊತ್ತು ಉಳಿಯುವ ಕಹಿ. ಕೊಯ್ದು ಹಿತ್ತಿಲ ಗೋಡೆಗೆ ತಗುಲಿಹಾಕಿದರೂ ಒಣಗದೆ, ಕೆಲವು ದಿನಗಳಲ್ಲಿ ನೂಲಿನಂತಹ ಬೇರನ್ನು ಇಳಿಬಿಡುತ್ತದೆ. ಕತ್ತರಿಸಿದರೂ ಚಿಗುರುವುದೆಂದೇ ಸಂಸ್ಕೃತದಲ್ಲಿ ಇದಕ್ಕೆ ಛಿನ್ನರುಹಾ ಎಂಬ ಹೆಸರು. ನಮ್ಮ ಅಜ್ಜಿಯರಿಗೆ ತಿಳಿದಿದ್ದ ಈ ಬಳ್ಳಿಯೂ ಬೇವಿನ ತೊಗಟೆಯೂ 1868ರ ಸರ್ಕಾರಿ ಔಷಧಕೋಶವಾದ ಫಾರ್ಮಕೋಪಿಯಾದಲ್ಲಿ ಸ್ಥಾನ ಪಡೆದವು.

ಇಂತಹ ತಿಳಿವಳಿಕೆಯನ್ನು ಬರೆದಿಡುವ ಪದ್ಧತಿ ಪರದೇಶೀಯರಿಂದಲೇ ಬಂದಿತೆಂದು ಭಾವಿಸಬೇಕಾಗಿಲ್ಲ. ವಿಷಚಿಕಿತ್ಸೆಯನ್ನೇ ವಸ್ತುವಾಗಿಸಿಕೊಂಡು ಮಂಗರಾಜನು ‘ಖಗೇಂದ್ರಮಣಿದರ್ಪಣ’ವನ್ನು ಕನ್ನಡದಲ್ಲಿ ರಚಿಸಿದ್ದು ಹದಿನಾಲ್ಕನೆಯ ಶತಮಾನದಲ್ಲಿ. ನನ್ನನ್ನು ಕಾಡುವುದು ಬೇರೊಂದು ಕೊರತೆ. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ ಮಲಬಾರಿನ ಸಸ್ಯಗಳ ಗ್ರಂಥವನ್ನು ಸಿದ್ಧಪಡಿಸಿದ ಡಚ್ಚರ ವಾನ್ ರೀಡ್, ತನಗೆ ಹೇಳಿಕೊಟ್ಟ ಇಟ್ಟಿ ಅಚ್ಯುತನ್ ಎಂಬ ವೈದ್ಯನ ಹೆಸರನ್ನೂ, ಕೊಚ್ಚಿಯ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಕೊಂಕಣಿ ವಿದ್ವಾಂಸರ ಪ್ರಮಾಣಪತ್ರವನ್ನೂ ಗ್ರಂಥದಲ್ಲಿಯೇ ಅಚ್ಚು ಹಾಕಿಸಿದನು. ಮೈಸೂರು ಸೀಮೆಯ ಗಿಡಗಳ ವೈಜ್ಞಾನಿಕ ಹೆಸರುಗಳ ಬೆನ್ನಿಗೆ ಇಂದಿಗೂ ಹೈನೆಯ ಹೆಸರುಂಟು, ರೋಟನ ಹೆಸರುಂಟು. ಕುರುಚಲಿನಲ್ಲಿ ಬಗ್ಗಿ, ಇದು ಜ್ವರಕ್ಕೆ, ಇದು ಗಾಯಕ್ಕೆ ಎಂದು ಕಿತ್ತು ಕೊಟ್ಟ ಕೈ ಯಾರದೋ, ಆತನ ಊರು ನಾಗಮಂಗಲವೋ ತೊಣ್ಣೂರೋ, ಅದು ಆ ಹೆಸರುಗಳಲ್ಲಿ ಉಳಿದುಬಂದಿಲ್ಲ.