ಮಿದುಳಿನ ಊತಕ್ಕೆ ಹಳೆಯ ಮಾತ್ರೆ

ಅಮೆರಿಕದ ಮೆಂಫಿಸ್‌ನಲ್ಲಿ ವಾಯ್ ಯೂ ಚೆಯುಂಗ್ ಮಿದುಳಿನಿಂದ ತೆಗೆದ ಕಿಣ್ವವೊಂದನ್ನು ಶುದ್ಧಮಾಡುತ್ತಿದ್ದರು. ವಿಚಿತ್ರವೆಂದರೆ, ಶುದ್ಧವಾದಷ್ಟೂ ಅದು ಸೊರಗುತ್ತಿತ್ತು. ಬೇರೊಬ್ಬರಾಗಿದ್ದರೆ ಕೈಬಿಡುತ್ತಿದ್ದರೇನೋ. ಚೆಯುಂಗ್, ಶುದ್ಧಮಾಡುವಾಗ ಬೇರ್ಪಟ್ಟು ಹೋದದ್ದನ್ನು ತಂದು ಮತ್ತೆ ಬೆರೆಸಿದರು. ಕಿಣ್ವ ಚೇತರಿಸಿಕೊಂಡಿತು! 1970ರಲ್ಲಿ ಅವರು ವರದಿ ಮಾಡಿದ ಆ ಪುಟ್ಟ ಪ್ರೋಟೀನಿಗೆ ಮುಂದೆ ಕ್ಯಾಲ್ಮಾಡ್ಯುಲಿನ್ ಎಂಬ ಹೆಸರು ಬಂತು. ಜೀವಕೋಶದಲ್ಲಿ ಕ್ಯಾಲ್ಸಿಯಂ ಏರಿದಾಗ ಅದನ್ನು ಹಿಡಿದುಕೊಂಡು ಇತರ ಪ್ರೋಟೀನುಗಳನ್ನು ಕೆಲಸಕ್ಕೆ ಹಚ್ಚುವುದು ಅದರ ಕಸುಬು. ಮನೋರೋಗಿಗಳಿಗೆ ಕೊಡುತ್ತಿದ್ದ ಟ್ರೈಫ್ಲೂಪೆರಜಿನ್ ಎಂಬ ಮಾತ್ರೆ ಅದಕ್ಕೆ ಅಂಟಿಕೊಂಡು ಕೈಕಟ್ಟಿ ಹಾಕುತ್ತದೆಂಬುದೂ ಅದೇ ದಶಕದಲ್ಲಿ ತಿಳಿಯಿತು. ಇದನ್ನು ಮಿದುಳಿನ ಊತಕ್ಕೆ ಬೆಸೆಯುವ ಕೊಂಡಿ ಬೇರೊಂದು ಊರಿನಲ್ಲಿ ಸಿಗಬೇಕಿತ್ತು.

ಬಾಲ್ಟಿಮೋರ್‌ನಲ್ಲಿ ಪೀಟರ್ ಆಗ್ರೆ ಹುಡುಕುತ್ತಿದ್ದುದು ಆರ್‌ಎಚ್ ರಕ್ತಗುಂಪಿನ ಪ್ರೋಟೀನನ್ನು. ಅದರ ಜೊತೆ ಇನ್ನೊಂದು ಪ್ರೋಟೀನು ಕರೆಯದ ನೆಂಟನಂತೆ ಬಂದು ಕೂರುತ್ತಿತ್ತು. ಮೊದಲು ಕಸವೆಂದೇ ಎಣಿಸಿದರು. ಆದರೆ ಕೆಂಪು ರಕ್ತಕಣದಲ್ಲೂ ಮೂತ್ರಪಿಂಡದಲ್ಲೂ ಅದು ಹೇರಳವಾಗಿತ್ತು. ಕೆಲಸವೇ ಇಲ್ಲದ್ದು ಇಷ್ಟೊಂದು ಇರುತ್ತದೆಯೇ? ಕಂಡಕಂಡವರನ್ನು ಕೇಳಿದರು. 1991ರಲ್ಲಿ ಮನೆಮಂದಿಯೊಂದಿಗೆ ಪ್ರವಾಸ ಮುಗಿಸಿ ಬರುವಾಗ ಚಾಪೆಲ್ ಹಿಲ್‌ನಲ್ಲಿ ಗುರು ಜಾನ್ ಪಾರ್ಕರ್ ಅವರನ್ನು ಕಂಡರು. ಜೀವಕೋಶಕ್ಕೆ ನೀರು ಹಾಯುವ ಕಾಲುವೆ ಇದೇ ಇರಬಹುದಲ್ಲ ಎಂದರು ಪಾರ್ಕರ್. ಆಗ್ರೆ ತಂಡ ಆ ಪ್ರೋಟೀನಿನ ಆರ್‌ಎನ್‌ಎಯನ್ನು ಕಪ್ಪೆಯ ಮೊಟ್ಟೆಗೆ ಚುಚ್ಚಿ, ಲವಣ ಕಡಿಮೆಯಿದ್ದ ದ್ರಾವಣಕ್ಕೆ ಬಿಟ್ಟಿತು. ಚುಚ್ಚದ ಮೊಟ್ಟೆ ಹಾಗೆಯೇ ಇತ್ತು. ಚುಚ್ಚಿದ ಮೊಟ್ಟೆ ಕಣ್ಣೆದುರೇ ಉಬ್ಬುತ್ತಾ ಹೋಗಿ, ಕೆಲವೇ ನಿಮಿಷಗಳಲ್ಲಿ ಒಡೆಯಿತು. ಅಕ್ವಾಪೊರಿನ್ ಸಿಕ್ಕಿತ್ತು. 2003ರಲ್ಲಿ ಆಗ್ರೆಗೆ ನೊಬೆಲ್ ಬಂತು.

ಈ ಕುಟುಂಬದ ಅಕ್ವಾಪೊರಿನ್-4 ಮಿದುಳಿನ ಆಸ್ಟ್ರೋಸೈಟ್ ಕೋಶಗಳಲ್ಲಿತ್ತು. ಅದಿಲ್ಲದಂತೆ ಬೆಳೆಸಿದ ಇಲಿಗಳಿಗೆ ಪಾರ್ಶ್ವವಾಯುವಿನಲ್ಲಿ ಮಿದುಳು ಕಡಿಮೆ ಊದುತ್ತದೆಂದು 2000ದಲ್ಲಿ ಕ್ಯಾಲಿಫೋರ್ನಿಯಾದ ತಂಡವೊಂದು ತೋರಿಸಿತು. ಹಾಗಾದರೆ ರಂಧ್ರ ಮುಚ್ಚಿದರಾಯಿತು! ಹೇಳಿದಷ್ಟು ಸುಲಭವಾಗಲಿಲ್ಲ. ನೀರಿನ ಅಣುಗಳು ಒಂದರ ಹಿಂದೊಂದು ಸಾಲಾಗಿ ನುಸುಳುವಷ್ಟೇ ಕಿರಿದಾದ ದಾರಿ ಅದು. ಬೇರೆ ಅಕ್ವಾಪೊರಿನ್‌ಗಳನ್ನು ತಡೆಯುವ ಪಾದರಸಕ್ಕೂ ಜಗ್ಗಲಿಲ್ಲ. ವರ್ಷಗಳುರುಳಿದರೂ ಔಷಧವಾಗಬಲ್ಲ ತಡೆ ಕೈಗೆ ಬರಲಿಲ್ಲ. ತಲೆಗೆ ಪೆಟ್ಟು ಬಿದ್ದು ಬಂದವರಿಗೆ ಮ್ಯಾನಿಟಾಲ್ ಏರಿಸಿ ನೀರು ಸೆಳೆಯುವುದು, ಅದೂ ಸಾಲದಿದ್ದರೆ ತಲೆಬುರುಡೆಯ ತುಂಡು ತೆಗೆದು ಊದಿದ ಮಿದುಳಿಗೆ ಜಾಗ ಮಾಡಿಕೊಡುವುದು, ಇಷ್ಟೇ ವೈದ್ಯರಿಗೆ ಉಳಿದ ದಾರಿ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ರೋಸ್ಲಿನ್ ಬಿಲ್, ಅಲೆಕ್ಸ್ ಕಾನರ್, ಫಿಲಿಪ್ ಕಿಚನ್ ಮತ್ತು ಜೊತೆಗಾರರು ರಂಧ್ರದ ಗೊಡವೆ ಬಿಟ್ಟು, ಕಾಲುವೆ ಕೋಶದಲ್ಲಿ ಎಲ್ಲಿರುತ್ತದೆಂದು ನೋಡತೊಡಗಿದರು. ಆಮ್ಲಜನಕ ಕಡಿಮೆಯಾದೊಡನೆ ಆಸ್ಟ್ರೋಸೈಟಿನ ಒಳಗಿದ್ದ ಅಕ್ವಾಪೊರಿನ್-4 ಹೊರಪೊರೆಗೆ ಧಾವಿಸುತ್ತಿತ್ತು. ಟ್ರೈಫ್ಲೂಪೆರಜಿನ್ ಕೊಟ್ಟಾಗ ಆ ಓಟ ನಿಂತಿತು. ಬೆನ್ನುಹುರಿಗೆ ಗಾಯವಾದ ಇಲಿಗಳ ಮೇಲೂ ಪ್ರಯೋಗಿಸಿದರು. ಮದ್ದು ಸಿಕ್ಕ ಇಲಿಗಳು ಎರಡು ವಾರಗಳಲ್ಲಿ ಚಲನೆ, ಸ್ಪರ್ಶಜ್ಞಾನ ಮರಳಿ ಪಡೆದವು. ಸಿಗದವು ಆರು ವಾರ ಕಳೆದರೂ ಕುಂಟುತ್ತಿದ್ದವು. ಮನುಷ್ಯರಲ್ಲಿನ ಪರೀಕ್ಷೆ ಬೇರೆಯೇ ಮಾತು. ಆದರೂ 2020ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಈ ಫಲಿತಾಂಶ ಬಂದಾಗ ಬಹುಕಾಲದ ಗಂಟೊಂದು ಸಡಿಲಿತ್ತು.

ಪೆಟ್ಟು ಬಿದ್ದಾಗ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಕ್ಯಾಲ್ಮಾಡ್ಯುಲಿನ್ ಎಚ್ಚರಗೊಂಡು ಅಕ್ವಾಪೊರಿನ್-4ಕ್ಕೆ ಅಂಟಿ ಅದನ್ನು ಪೊರೆಗೆ ಸಾಗಿಸುತ್ತದೆ, ಆ ದಾರಿಯಲ್ಲಿ ನೀರು ಒಳಬರುತ್ತದೆ. ಹಳೆಯ ಮಾತ್ರೆ ತಡೆದದ್ದು ಕ್ಯಾಲ್ಮಾಡ್ಯುಲಿನ್ನನ್ನು.